ಬಸುರಿಯಲ್ಲಿ ಹಾಲು ಸೋರದಿದ್ದರೆ ಭಯ ಬೇಡ: ಒಂದು ಸ್ಪಷ್ಟನೆ

"ಎಂಟನೇ ತಿಂಗಳಾದರೂ ಎದೆಹಾಲು ಸೋರದಿದ್ದರೆ ಹೆರಿಗೆಯಾದ ಮೇಲೆ ಹಾಲು ಬರುವುದಿಲ್ಲ" ಎಂಬ ಮಾತು ಬಸುರಿಯರ ನಡುವೆ ಓಡಾಡುತ್ತಿದೆ. ಇದು ತಪ್ಪು. ಕೆಲವರಿಗೆ ಸೋರುತ್ತದೆ, ಎಷ್ಟೋ ಜನರಿಗೆ ಒಂದು ಹನಿಯೂ ಇಲ್ಲ. ಎರಡೂ ಸಹಜವೇ.

ಗಿಣ್ಣು ಹಾಲು, ಅಂದರೆ ತಾಯಿಯ ಮೊದಲ ಹಳದಿ ಎದೆಹಾಲು, ಬಸುರಿನ ಸುಮಾರು ನಾಲ್ಕೈದನೇ ತಿಂಗಳಿಂದಲೇ ತಯಾರಾಗುತ್ತದೆ. ಆದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅದನ್ನು ಹೆಚ್ಚದಂತೆ ತಡೆದಿರುತ್ತದೆ. ಹೆರಿಗೆಯಲ್ಲಿ ಮಾಸು ಹೊರಬಿದ್ದ ಮೇಲೆ ಆ ಹಾರ್ಮೋನು ಇಳಿಯುತ್ತದೆ. ಸಾಮಾನ್ಯವಾಗಿ 2ರಿಂದ 4 ದಿನದಲ್ಲಿ ಹಾಲು ಜಾಸ್ತಿಯಾಗುತ್ತದೆ. ಮೊದಲ ದಿನ ಮಗುವಿನ ಪುಟ್ಟ ಹೊಟ್ಟೆಗೆ ಪ್ರತಿ ಸಲ ಚಮಚದಷ್ಟು ಗಿಣ್ಣು ಹಾಲು ಸಾಕು. ಹಳದಿ ಅಂತ ಅದನ್ನು ದಯವಿಟ್ಟು ಚೆಲ್ಲಬೇಡಿ.

ಹುಟ್ಟಿದ 1 ಗಂಟೆಯೊಳಗೆ ಹಾಲೂಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಅಲ್ವಾ? ಬಸುರಿಯಾಗಿರುವಾಗಲೇ ಸುಮ್ನೆ ಎದೆ ಹಿಂಡಿ ಪರೀಕ್ಷಿಸಬೇಡಿ.