ದೇವರ ಮೀನು, ಸರ್ಕಾರಿ ಮೀನು

ಮೀನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತಲೇ ನಂಬಿದ್ದೆ. ನಾನು ಬೆಳ್ತಂಗಡಿ ಕಡೆಯವನು. ಬೆಳಿಗ್ಗೆ ಪೋಂ ಪೋಂ ಅಂತ ಹಾರ್ನ್ ಹೊಡೆಯುತ್ತಾ ಮೀನಿನವರ ಸ್ಕೂಟರ್ ಬಂದರೆ ಗೇಟಿಗೆ ಮೊದಲು ಓಡುತ್ತಿದ್ದದ್ದು ನಮ್ಮ ಬೆಕ್ಕು, ಅದರ ಹಿಂದೆ ನಾನು, ನನ್ನ ಹಿಂದೆ ಪಾತ್ರೆ ಹಿಡಿದ ಅಮ್ಮ. ಬಂಗುಡೆಯ ಕಿವಿರು ಎತ್ತಿ ನೋಡು, ಕೆಂಪಗಿದ್ದರೆ ಇವತ್ತಿನದು. ಕಣ್ಣು ಗುಳಿ ಬಿದ್ದಿದ್ದರೆ ನಿನ್ನೆಯದು. ಬೆರಳಲ್ಲಿ ಒತ್ತಿದ ಗುಂಡಿ ಹಾಗೇ ಉಳಿದರೆ ಅದನ್ನು ಬೆಕ್ಕಿಗೂ ಹಾಕಬೇಡ. ಅ ಆ ಇ ಈ ಕಲಿಯುವ ಮೊದಲೇ ಅಮ್ಮ ಇಷ್ಟನ್ನು ಕಲಿಸಿಯಾಗಿತ್ತು. "ಈಗಷ್ಟೇ ಬೋಟಿಂದ ಇಳಿದದ್ದು ಅಮ್ಮಾ" ಅಂತ ಮೀನಿನವರು ಎಷ್ಟು ಆಣೆ ಹಾಕಿದರೂ ಅಮ್ಮನ ಕೈ ಸೀದಾ ಕಿವಿರಿಗೇ ಹೋಗುತ್ತಿತ್ತು.

ಇಷ್ಟು ಪಾಂಡಿತ್ಯ ಕಟ್ಟಿಕೊಂಡು ಅಮೆರಿಕದ ಸಿಯಾಟಲ್ ಹತ್ತಿರ ಬಂದು ಕೂತೆ. ಇಲ್ಲಿ ಸಾಲ್ಮನ್ ಹಿಡಿಯಲು ಹೊರಟಾಗ ಗೊತ್ತಾಯಿತು, ಕಿವಿರು, ಕಣ್ಣು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ, ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ರೆಕ್ಕೆ. ಸರಿಯಾಗಿ ಹೇಳಬೇಕೆಂದರೆ, ಅದು ಇಲ್ಲದಿರುವುದನ್ನು ನೋಡಬೇಕು.

ಈ ಜ್ಞಾನ ಕೊಟ್ಟವನು ಆಫೀಸಿನ ಮಂಡ್ಯದ ಗೆಳೆಯ. ನಾಲೆಯಲ್ಲಿ ಗಾಳ ಹಾಕಿ ಬೆಳೆದವನು. ಎರಡು ವರ್ಷದ ಕೆಳಗೆ ಒಂದು ಹಳೆಯ ಪುಟ್ಟ ಮೋಟಾರು ದೋಣಿ ಕೊಂಡ. ಅಂದಿನಿಂದ ಅವನ ಮನೆಯವರು ಶನಿವಾರ ಅವನನ್ನು ನೋಡಿಲ್ಲ. "ಮೀನು ಹಿಡಿಯೋದು ಸುಲಭ ಕಣ್ಲಾ, ಮನೆಗೆ ತರೋದೇ ಕಷ್ಟ" ಅಂದ.

ವಿಷಯ ಇಷ್ಟೇ. ಅಣೆಕಟ್ಟು ಕಟ್ಟಿ, ಕಾಡು ಕಡಿದು, ಊರು ಬೆಳೆಸಿ, ಮನಸ್ಸಿಗೆ ಬಂದಷ್ಟು ಹಿಡಿದು ತಿಂದು, ಇಲ್ಲಿನ ಹೊಳೆಗಳಲ್ಲಿ ತಾವಾಗಿ ಹುಟ್ಟುವ ಸಾಲ್ಮನ್ ಕಡಿಮೆಯಾಗಿಬಿಟ್ಟಿವೆ. ಪ್ಯೂಜೆಟ್ ಸೌಂಡ್ ಎನ್ನುವ ಇಲ್ಲಿನ ಒಳಗಡಲಿನ ಚಿನೂಕ್ ಸಾಲ್ಮನ್ 1999ರಲ್ಲೇ ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿತು. ಆದರೆ ಗಾಳ ಹಿಡಿದವರು ಸುಮ್ನೆ ಕೂರುತ್ತಾರಾ? ಅದಕ್ಕೆ ಹ್ಯಾಚರಿಗಳಲ್ಲಿ ಮೊಟ್ಟೆ ಒಡೆಸಿ, ಮರಿ ಸಾಕಿ, ಬೆರಳುದ್ದ ಆದ ಮೇಲೆ ಹೊಳೆಗೆ ಬಿಡುತ್ತಾರೆ. ಬಿಡುವ ಮೊದಲು ಆ ಪುಟ್ಟ ರೆಕ್ಕೆಯನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಅಡಿಪೋಸ್ ಫಿನ್ ಅಂತ ಅದರ ಹೆಸರು. ಮುಳ್ಳಿಲ್ಲ, ಗರಿಯಿಲ್ಲ, ಮೆತ್ತಗಿನ ತೊಗಲಿನ ತುಂಡು. ಪೂರ್ತಿ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ಲಕ್ಷಗಟ್ಟಲೆ ಮರಿಗಳಿಗೆ ಕತ್ತರಿ ಹಿಡಿದು ಕೂರಲು ಆಗುತ್ತದಾ? ಈ ಕೆಲಸಕ್ಕೆಂದೇ ಟ್ರೇಲರ್ ಒಳಗೆ ಕೂರಿಸಿದ ಯಂತ್ರಗಳಿವೆ. ಮರಿ ಒಂದು ಕಡೆಯಿಂದ ಒಳಗೆ ಹೋಗಿ, ಕ್ಷೌರ ಮಾಡಿಸಿಕೊಂಡು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ.

ಮುಂದೆ ಅದು ಸಮುದ್ರ ಸುತ್ತಿ ದೊಡ್ಡದಾಗಿ ವಾಪಸ್ ಬಂದಾಗ ರೆಕ್ಕೆ ಇಲ್ಲದಿದ್ದರೆ ಹ್ಯಾಚರಿಯದು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಕಾಡು ಮೀನು, ಬಿಡಬೇಕು.

"ಅಂದ್ರೆ ನಮಗೆ ಡ್ಯಾಮೇಜ್ ಪೀಸ್ ಮಾತ್ರವಾ?" ಅಂತ ಕೇಳಿದೆ. ಗೆಳೆಯ ಉತ್ತರಿಸಲಿಲ್ಲ.

ಆ ವರ್ಷ ಅಮ್ಮ ಬಂದಿದ್ದಳು. ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಇಸಕ್ವಾ ಊರಿನ ಸಾಲ್ಮನ್ ಹ್ಯಾಚರಿಗೆ ಕರೆದುಕೊಂಡು ಹೋದೆ. 1936ರಲ್ಲಿ ಕಟ್ಟಿದ್ದು. ಊರಿನ ನಡುವೆಯೇ ತೊರೆ, ಅದರ ಮೇಲೊಂದು ಸೇತುವೆ. ಕೆಳಗೆ ಮೊಣಕಾಲು ಮಟ್ಟದ ನೀರಿನಲ್ಲಿ ನನ್ನ ತೋಳಿನಷ್ಟುದ್ದದ ಚಿನೂಕ್‌ಗಳು ಮೈ ತಿರುವುತ್ತಾ ಮೇಲಕ್ಕೆ ನುಗ್ಗುತ್ತಿದ್ದವು. ಊರಿನಲ್ಲಿ ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಮೀನು ಹತ್ತುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಗಾತ್ರ ಮಾತ್ರ ಹೊಸದು. ಅಮ್ಮ ಕಂಬಿಗೆ ಒರಗಿ ನೋಡಿದವಳು ಕೈ ಮುಗಿದುಬಿಟ್ಟಳು.

ಅವಳ ತವರು ಶಿಶಿಲದ ಹತ್ತಿರ. ಅಲ್ಲಿ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ದೇವರ ಮೀನುಗಳಿವೆ. ಯಾರೂ ಮುಟ್ಟುವುದಿಲ್ಲ. ಮಂಡಕ್ಕಿ ಎಸೆದರೆ ನೀರು ಕಾಣದಷ್ಟು ಮೀನು ಮೇಲೆ ಬರುತ್ತವೆ.

"ಸ್ವಲ್ಪ ಮಂಡಕ್ಕಿ ತಂದಿದ್ದರೆ ಆಗ್ತಿತ್ತು."

"ಹೊಳೆಗೆ ಬಂದ ಮೇಲೆ ಇವು ಏನೂ ತಿನ್ನುವುದಿಲ್ಲ ಅಮ್ಮ. ಮೊಟ್ಟೆ ಇಟ್ಟು ಸಾಯುವುದು, ಅಷ್ಟೇ."

"ಉಪವಾಸ ಬೇರೆ!" ಅಂತ ಇನ್ನೊಮ್ಮೆ ಕೈ ಮುಗಿದಳು.

ನಾನು ರೆಕ್ಕೆಯ ಕಥೆ ಹೇಳಿದೆ. ಹತ್ತು ನಿಮಿಷ ಹೇಳಿದೆ. ಅಮ್ಮ ಎರಡೇ ಮಾತಿನಲ್ಲಿ ಮುಗಿಸಿದಳು. "ರೆಕ್ಕೆ ಇದ್ದದ್ದು ದೇವರ ಮೀನು. ಇಲ್ಲದ್ದು ಸರ್ಕಾರಿ ಮೀನು. ಇದರಲ್ಲಿ ಗೊತ್ತಾಗದ್ದು ಎಂಥ ಉಂಟು?"

ಗೊತ್ತಾಗದ್ದು ಎಂಥ ಉಂಟು ಅಂತ ಮುಂದಿನ ಶನಿವಾರ ದೋಣಿಯಲ್ಲಿ ಗೊತ್ತಾಯಿತು.

ಬೆಳಿಗ್ಗೆ ಐದೂವರೆ. ಎವರೆಟ್ ಎನ್ನುವ ಊರಿನ ಕಡೆಯಿಂದ ನೀರಿಗೆ ಇಳಿದೆವು. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು: "ತಲೆ ಬಿಸಾಡಬೇಡ. ತಲೆಯ ಸಾರು ಮಾಡ್ತೇನೆ." ಹಿಂದಿನ ರಾತ್ರಿಯೇ ಮೆಣಸು ಹುರಿದಿಟ್ಟಾಗಿತ್ತು.

ದಾರಿಯುದ್ದಕ್ಕೂ ಗೆಳೆಯನ ನಿಯಮ ಪಾರಾಯಣ. ಗಾಳಕ್ಕೆ ಹಿಂಮುಳ್ಳು ಇರಬಾರದು. ಬಲೆಗೆ ಗಂಟು ಇರಬಾರದು, ಮೀನಿನ ಮೈ ಗೀರುತ್ತದೆ. ಈಗ ಕೋಹೋ ಎನ್ನುವ ಜಾತಿಯ ಸಾಲ್ಮನ್ ಮಾತ್ರ, ಅದರಲ್ಲೂ ರೆಕ್ಕೆ ಇಲ್ಲದ್ದು ಮಾತ್ರ. ಚಿನೂಕ್ ಆದರೆ ರೆಕ್ಕೆ ಇರಲಿ ಇಲ್ಲದಿರಲಿ ಬಿಡಬೇಕು. ಎರಡಕ್ಕೂ ವ್ಯತ್ಯಾಸ ಹೇಗೆ? ವಸಡು ನೋಡಬೇಕು. ಹಲ್ಲಿನ ಬುಡ ಬೆಳ್ಳಗಿದ್ದರೆ ಕೋಹೋ, ಕಪ್ಪಗಿದ್ದರೆ ಚಿನೂಕ್. ಬಾಲದ ಮೇಲಿನ ಅರ್ಧದಲ್ಲಿ ಮಾತ್ರ ಚುಕ್ಕೆ ಇದ್ದರೆ ಕೋಹೋ, ಪೂರ್ತಿ ಇದ್ದರೆ ಚಿನೂಕ್. ಇದೆಲ್ಲವನ್ನೂ ಮೀನು ನೀರಿನಲ್ಲಿರುವಾಗಲೇ ನೋಡಿ ಮುಗಿಸಬೇಕು. ಯಾಕೆಂದರೆ ಬಿಡಬೇಕಾದ ಮೀನನ್ನು ದೋಣಿಯೊಳಗೆ ಎತ್ತುವುದೇ ತಪ್ಪು. ಅಂದರೆ ಒದ್ದಾಡುವ ಮೂರು ಕಿಲೋ ಮೀನಿನ ಬಾಯಿ, ಬೆನ್ನು, ಬಾಲ ಮೂರನ್ನೂ ಅಲುಗುವ ದೋಣಿಯಿಂದ ಬಗ್ಗಿ ಪರೀಕ್ಷೆ ಮಾಡಬೇಕು. ನಮ್ಮೂರಲ್ಲಿ ಹುಡುಗಿ ನೋಡಲು ಹೋದವರೂ ಇಷ್ಟು ನೋಡುವುದಿಲ್ಲ.

ಏಳು ಗಂಟೆಗೆ ನನ್ನ ಗಾಳ ಬಗ್ಗಿತು. ಹತ್ತು ನಿಮಿಷ ಎಳೆದಾಟ. ದೋಣಿಯ ಪಕ್ಕದಲ್ಲಿ ಬೆಳ್ಳಿ ತಟ್ಟೆಯ ಹಾಗೆ ಮಿಂಚಿತು.

"ರೆಕ್ಕೆ ಇದ್ಯೇನ್ಲಾ?"

ಬಗ್ಗಿ ನೋಡಿದೆ. ಬೆನ್ನ ಮೇಲೆ ದೊಡ್ಡ ರೆಕ್ಕೆ, ಹಾಯಿಯ ಹಾಗೆ ನೆಟ್ಟಗೆ ನಿಂತಿದೆ. "ಇದೆ ಇದೆ!"

"ಬಿಡು ಹಾಗಾದ್ರೆ."

ಇಕ್ಕಳದಲ್ಲಿ ಗಾಳ ತಿರುಗಿಸಿದೆ. ಮೀನು ಒಂದು ಕ್ಷಣ ಹಾಗೇ ನಿಂತು, ಬೆನ್ನು ತೋರಿಸಿ, ಸರ್ರನೆ ಒಳಗೆ ಹೋಯಿತು. ಆ ಒಂದು ಕ್ಷಣದಲ್ಲಿ ನಾವಿಬ್ಬರೂ ನೋಡಿದೆವು. ಬಾಲದ ಹತ್ತಿರ ಬೆನ್ನು ಬೋಳು. ನುಣ್ಣಗೆ ಬೋಳು. ನಾನು ನೋಡಿದ್ದು ಎಲ್ಲ ಮೀನಿಗೂ ಇರುವ ನಡುಬೆನ್ನಿನ ರೆಕ್ಕೆ.

ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ ಅಂದ, "ಇಪ್ಪತ್ತು ವರ್ಷ ಮೀನು ತಿಂದಿದ್ದೀಯ. ಯಾವತ್ತಾದ್ರೂ ಮುಖ ಬಿಟ್ಟು ಬೇರೆ ಏನಾದ್ರೂ ನೋಡಿದ್ದೀಯಾ?"

ಎರಡನೆಯದು ಬಂತು. ಈ ಸಲ ತಪ್ಪಿಲ್ಲ. ಪುಟ್ಟ ರೆಕ್ಕೆ ನೆಟ್ಟಗಿತ್ತು. ದೇವರ ಮೀನು. ಮೂರನೆಯದಕ್ಕೂ ಇತ್ತು. ನಾಲ್ಕನೆಯದಕ್ಕೂ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ತಲೆಯಲ್ಲಿ ಕೆಟ್ಟ ಆಲೋಚನೆ ಬಂತು. ಜೇಬಿನಲ್ಲಿ ಉಗುರು ಕತ್ತರಿ ಇತ್ತು.

"ಆಗಲ್ಲ" ಅಂದ ಗೆಳೆಯ, ನನ್ನ ಮುಖ ನೋಡಿಯೇ. "ರೆಕ್ಕೆ ಇಲ್ದಿದ್ರೆ ಸಾಲ್ದು. ಆ ಜಾಗದಲ್ಲಿ ಗಾಯ ಮಾಗಿದ ಕಲೆ ಇರ್ಬೇಕು ಅಂತ ರೂಲ್ಸಲ್ಲೇ ಬರ್ದವ್ರೆ."

ನನ್ನಂಥವರು ಬರುತ್ತಾರೆ ಅಂತ ಮೊದಲೇ ಗೊತ್ತಿದ್ದವರು ಬರೆದ ನಿಯಮ ಅದು.

ಹನ್ನೆರಡಕ್ಕೆ ಐದನೆಯದು. ಬಿಳಿ ವಸಡು. ಬಾಲದ ಮೇಲರ್ಧಕ್ಕೆ ಮಾತ್ರ ಚುಕ್ಕೆ. ಬೆನ್ನು ತಿರುಪತಿಗೆ ಹೋಗಿ ಬಂದ ತಲೆಯ ಹಾಗೆ ನುಣ್ಣಗೆ. "ಸರ್ಕಾರಿ! ಸರ್ಕಾರಿ!" ಅಂತ ಕೂಗಿದೆ. ಪಕ್ಕದ ದೋಣಿಯವರು ತಿರುಗಿ ನೋಡಿದರು. ಬಲೆಯಲ್ಲಿ ಎತ್ತಿ, ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಷ್ಟರಲ್ಲಿ ಗೆಳೆಯ ಮತ್ತೆ ಕಿರುಚಿದ. ಹಿಡಿದ ತಕ್ಷಣ ಕ್ಯಾಚ್ ಕಾರ್ಡಿನಲ್ಲಿ ಬರೆಯಬೇಕು, ಅದೂ ಪೆನ್ನಿನಲ್ಲಿ. ಒದ್ದೆ ಕೈ, ಲೋಳೆ ಹತ್ತಿದ ಕಾಗದ, ಬರೆಯದ ಪೆನ್ನು. ಪೆನ್ನನ್ನು ಬಾಯಲ್ಲಿ ಊದಿ, ಅಂಗೈಯಲ್ಲಿ ಉಜ್ಜಿ, ಕೊನೆಗೆ ಬರೆದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ರಿಜಿಸ್ಟರ್ ನಂಬರ್ ಬರೆಯುವಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ.

ದಡಕ್ಕೆ ಬಂದರೆ ಅಲ್ಲೊಬ್ಬಳು ಹುಡುಗಿ ಹಲಗೆ, ಕಾಗದ ಹಿಡಿದು ನಿಂತಿದ್ದಳು. ಯಾರು ಏನು ಹಿಡಿದರು, ಎಷ್ಟು ಬಿಟ್ಟರು ಅಂತ ಲೆಕ್ಕ ಬರೆದುಕೊಳ್ಳುವವಳು. ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ಮೀನು ಅಳೆದಳು. ಆಮೇಲೆ ಒಂದು ಕೋಲಿನಂಥ ಯಂತ್ರವನ್ನು ಅದರ ಮೂತಿಯ ಮೇಲೆ ಆಡಿಸಿದಳು.

ಬೀಪ್.

ಅವಳ ಮುಖ ಅರಳಿತು. ನನ್ನದು ಬಾಡಿತು. ಏನಾಯಿತು ಅಂದರೆ, ಕೆಲವು ಮರಿಗಳಿಗೆ ರೆಕ್ಕೆ ಕತ್ತರಿಸುವುದರ ಜೊತೆಗೆ ಮೂಗಿನೊಳಗೆ ಒಂದು ತಂತಿಯ ಚೂರನ್ನೂ ಚುಚ್ಚಿರುತ್ತಾರೆ. ಸುಮಾರು 1 ಮಿಲಿಮೀಟರ್ ಉದ್ದ. ಅದರ ಮೇಲೆ ನಂಬರ್ ಕೆತ್ತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಓದಿದರೆ ಯಾವ ಹ್ಯಾಚರಿಯದು, ಯಾವ ವರ್ಷದ್ದು, ಎಲ್ಲ ಗೊತ್ತಾಗುತ್ತದೆ. ಊರಿನಲ್ಲಿ ದನದ ಕಿವಿಗೆ ಹಳದಿ ಬಿಲ್ಲೆ ಹಾಕುತ್ತಾರಲ್ಲ, ಹಾಗೆ. ಇದು ಮಾತ್ರ ಮೂಗಿನ ಒಳಗಿನ ಮೂಗುಬೊಟ್ಟು. ಓದಬೇಕೆಂದರೆ ಮೂಗೇ ಬೇಕು.

"ಮೂತಿ ಮಾತ್ರ ಕೊಯ್ದುಕೊಳ್ಳಲಾ? ನಿಮ್ಮ ಅಭ್ಯಂತರ ಇಲ್ಲ ತಾನೇ?" ಅಂತ ಕೇಳಿದಳು.

ನನಗೊಂದು ಕಾಯಿಲೆ ಇದೆ. ಯಾರಾದರೂ ಮರ್ಯಾದೆಯಿಂದ ಏನಾದರೂ ಕೇಳಿದರೆ ಕೇಳಿದ್ದಕ್ಕಿಂತ ಜಾಸ್ತಿ ಕೊಡುವುದು. "ಪೂರ್ತಿ ತಲೆಯನ್ನೇ ತಗೊಳ್ಳಿ" ಅಂದೆ. ಬೇಡ ಬೇಡ ಅಂದಳು. ಪರವಾಗಿಲ್ಲ ತಗೊಳ್ಳಿ ಅಂದೆ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರ ಹಾಗೆ ಒತ್ತಾಯ ಮಾಡಿದೆ. ಅವಳು ತಲೆ ಕತ್ತರಿಸಿ, ಚೀಟಿ ಹಚ್ಚಿ, ಚೀಲಕ್ಕೆ ಹಾಕಿಕೊಂಡಳು. ಕಾರು ಅರ್ಧ ದಾರಿ ಬಂದ ಮೇಲೆ ನನಗೆ ಹುರಿದಿಟ್ಟ ಮೆಣಸು ನೆನಪಾಯಿತು.

ಅಮ್ಮ ಬಾಗಿಲಲ್ಲೇ ಇದ್ದಳು. ಚೀಲ ತೆಗೆದು ಸಿಂಕಿನಲ್ಲಿಟ್ಟು, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ನೋಡಿದಳು.

"ತಲೆ ಎಲ್ಲಿ?"

"ಸರ್ಕಾರದವರು ತಗೊಂಡರು ಅಮ್ಮ." ಮೂಗುಬೊಟ್ಟಿನ ಕಥೆ ಹೇಳಿದೆ.

"ಸರ್ಕಾರಿ ಮೀನಲ್ವಾ, ತಗೊಳ್ತಾರೆ" ಅಂದಳು. ಅದು ಅವಳಿಗೆ ಸಲೀಸಾಗಿ ಅರ್ಥವಾಯಿತು. ತೊಂದರೆ ಬಂದದ್ದು ಬೇರೆ ಕಡೆ. ಅವಳ ಕೈ ಅಭ್ಯಾಸದಿಂದ ಮೀನಿನ ಮುಂಭಾಗಕ್ಕೆ ಹೋಯಿತು, ಅಲ್ಲಿ ಏನೂ ಸಿಗದೆ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಬೆರಳಲ್ಲಿ ಒತ್ತಿ ನೋಡಿದಳು. ಮೂಸಿ ನೋಡಿದಳು.

"ಕಿವಿರಿಲ್ಲ, ಕಣ್ಣಿಲ್ಲ. ಇದು ಇವತ್ತಿನದು ಅಂತ ಹೇಗೆ ನಂಬುವುದು?"

"ಅಮ್ಮ, ನಾನೇ ಹಿಡಿದದ್ದು. ಈಗಷ್ಟೇ ಬೋಟಿಂದ ಇಳಿದದ್ದು!"

"ಎಲ್ಲ ಮೀನಿನವರೂ ಹೇಳುವುದು ಅದನ್ನೇ ಮಾರಾಯ" ಅಂತ ಚಾಕು ಕೈಗೆತ್ತಿಕೊಂಡಳು.