ಜಿಪಿಎಸ್ ಚುಕ್ಕಿಯೂ ಬಾಕುವಿನ ಲೆಕ್ಕವೂ

ನಿನ್ನೆ ಬೆಳಿಗ್ಗೆಯೆಲ್ಲ ಫೋನ್ ಹಿಡಿದು ನಮ್ಮ ಕಾಫಿ ತೋಟದ ಬೇಲಿ ಸುತ್ತಿದ್ದೇ ಆಯ್ತು. ಗಡಿ ಗುರುತಿಸಬೇಕಂತೆ. ನೆರಳು ದಟ್ಟವಾಗಿರುವ ಕಡೆ ಸಿಗ್ನಲ್ ನಿಲ್ಲುವುದೇ ಇಲ್ಲ. ನಾನು ನಿಂತಿರುವುದು ನಮ್ಮ ನಂದಿ ಮರದಡಿ, ಮ್ಯಾಪಿನ ಚುಕ್ಕಿ ಪಕ್ಕದವರ ಗದ್ದೆಯಲ್ಲಿ. ಕಾಡು ಕಡಿದಿಲ್ಲ ಅಂತ ತೋರಿಸಲು ಮರಗಳೇ ಅಡ್ಡಿ!

ಎಲ್ಲ ಯುರೋಪಿಯನ್ ಒಕ್ಕೂಟದ 2023ರ ಕಾನೂನಿನ ಕೃಪೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅಕ್ಷಾಂಶ ರೇಖಾಂಶ ಆರು ದಶಮಾಂಶದವರೆಗೆ ಬೇಕು. ನಾಲ್ಕು ಹೆಕ್ಟೇರ್ ದಾಟಿದರೆ ಮ್ಯಾಪಿನಲ್ಲಿ ಇಡೀ ಗಡಿಯ ಗೆರೆ, ಅಂದರೆ ಪಾಲಿಗನ್. ಮೇಲೆ ಜಮೀನಿನ ದಾಖಲೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿ (ಪಹಣಿ) ಕಥೆ ಕೊಡಗಿನವರಿಗೆ ನಾನು ಹೇಳಬೇಕಾ? ನಮ್ಮದರಲ್ಲಿ ತೀರಿಹೋದ ದೊಡ್ಡಪ್ಪ ಇನ್ನೂ ರಾರಾಜಿಸುತ್ತಿದ್ದಾರೆ. ಯುರೋಪಿನವರೇನೋ ಜಾರಿ ದಿನಾಂಕವನ್ನು ಎರಡು ಸಲ ಮುಂದೂಡಿಕೊಂಡರು.

ಕಾನೂನೇ ಬೇಡ ಅಂತಲ್ಲ. ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. 2024ರಲ್ಲಿ ಅಜರ್‌ಬೈಜಾನ್‌ನ ಬಾಕು ಹವಾಮಾನ ಸಮಾವೇಶದಲ್ಲಿ ಬಡ ದೇಶಗಳು ಹವಾಮಾನ ನೆರವಾಗಿ ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಇದೇ ಯುರೋಪ್ ಮತ್ತು ಉಳಿದ ಶ್ರೀಮಂತರು ಒಪ್ಪಿದ್ದು 30,000 ಕೋಟಿ, ಅದೂ 2035ರ ಹೊತ್ತಿಗೆ. ಎಲ್ಲಿಂದ ಕೊಡುತ್ತಾರೆ? ಸರ್ಕಾರಿ, ಖಾಸಗಿ, ಹೀಗೆ ನಾನಾ ಮೂಲಗಳಿಂದ! ಯಾವ ದೇಶ ಎಷ್ಟು, ಸಾಲ ಎಷ್ಟು, ಕೇಳಬೇಡಿ. ಅವರಿಗೆ ದಶಮಾಂಶ ಬೇಡ, ರೌಂಡ್ ಫಿಗರ್ ಸಾಕು. ಇದು ಕಣ್ಕಟ್ಟು ಅಂತ ನಮ್ಮ ಪ್ರತಿನಿಧಿ ಚಾಂದನಿ ರೈನಾ ಅಲ್ಲೇ ಹೇಳಿದರು, ನಿರ್ಣಯ ಅಂಗೀಕಾರವಾದ ಮೇಲೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದಲ್ಲೂ ಅಷ್ಟೇ. ಹವಾಮಾನ ಬದಲಾವಣೆಯಿಂದಾಗುವ ನಷ್ಟ-ಹಾನಿಗೆ ಒಂದು ಕಲಂ ಕೊಟ್ಟರು, ಇದನ್ನು ಹಿಡಿದು ಪರಿಹಾರ ಕೇಳುವಂತಿಲ್ಲ ಅಂತ ಜತೆಗೇ ಬರೆಸಿಕೊಂಡರು.

'2018ರ ಮಳೆಯಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡ ಜರಿದದ್ದು ಹೋಂಸ್ಟೇಗಾಗಿ ನೀವೇ ಕೊರೆದದ್ದಕ್ಕೆ' ಅನ್ನುವವರಿದ್ದಾರೆ. ಕೊರೆದವರು ನಮ್ಮವರೇ, ಒಪ್ಪಿದೆ. ಹೆಸರು ಹೇಳಿದರೆ ನಾಳೆಯಿಂದ ನನ್ನನ್ನು ಮದುವೆ ಊಟಕ್ಕೆ ಯಾರೂ ಕರೆಯುವುದಿಲ್ಲ. ಆದರೆ ಕೊಯ್ದ ಅರೇಬಿಕಾ ಕಣದಲ್ಲಿರುವಾಗ ಸುರಿಯುವ ಮಳೆಗೂ ಹೋಂಸ್ಟೇಗೂ ಏನು ಸಂಬಂಧ? ಟಾರ್ಪಾಲು ಎಳೆಯುವಷ್ಟರಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹಾಕಿದ ಬೀಜ, ನೆನೆದಿರುತ್ತದೆ. ವ್ಯಾಪಾರಿ ಒಂದು ಹಿಡಿ ಎತ್ತಿ ಮೂಸುತ್ತಾನೆ, ಮೂಗು ಮುರಿಯುತ್ತಾನೆ, ದರ ಇಳಿಸುತ್ತಾನೆ. ಆ ನಷ್ಟಕ್ಕೆ ಯಾವ ಪಾಲಿಗನ್ ಎಳೆಯಲಿ?

ಯುರೋಪಿನ ಈ ಕಾನೂನಿನಂಥ ಏಕಪಕ್ಷೀಯ ವ್ಯಾಪಾರ ನಿಯಮಗಳ ವಿಷಯವನ್ನು 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್ ಹವಾಮಾನ ಸಮಾವೇಶದಲ್ಲಿ ಭಾರತ ಎತ್ತಿತ್ತು. ಸಿಕ್ಕಿದ್ದೇನು? 2028ರವರೆಗೆ ಪ್ರತಿ ಜೂನ್‌ನಲ್ಲಿ ಕೂತು ಮಾತಾಡುವ ಭರವಸೆ. ಮಾತಾಡಲಿ, ಪಾಪ. ಅಷ್ಟರಲ್ಲಿ ದೊಡ್ಡಪ್ಪನ ಆರ್‌ಟಿಸಿ ಬ್ರಸೆಲ್ಸ್ ತಲುಪಿರುತ್ತದೆ.