ನ್ಯಾಯಪೀಠದ ಮೀನುಗಳು

ಒಂದೇ ಪ್ರಭೇದವೆನಿಸಿದ್ದ ಜಿರಾಫೆ ನಾಲ್ಕು ಪ್ರಭೇದಗಳಾದ ಸುದ್ದಿ ಎಲ್ಲರಿಗೂ ಗೊತ್ತೇ ಇದೆ. ಲಕ್ಷಾಂತರ ವರ್ಷಗಳಿಂದ ತಮ್ಮ ಪಾಡಿಗೆ ಬೇರೆಯಾಗುತ್ತಾ ಬಂದ ಆ ಪ್ರಾಣಿಗಳಿಗೆ 2025ರ ಆಗಸ್ಟ್‌ನಲ್ಲಿ ಜೀವಿಗಳ ಅಳಿವು-ಉಳಿವಿನ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಕೊನೆಗೂ ಪಾಲುಪತ್ರ ಬರೆದುಕೊಟ್ಟಿತು. ಕೂಡಲೇ ಗೊಣಗಾಟ ಶುರುವಾಯಿತು: ಈ ವಿಜ್ಞಾನಿಗಳು ಒಮ್ಮೆ ತೀರ್ಮಾನಿಸಿ ಮುಗಿಸಬಾರದೇ? ನ್ಯಾಯವಾದ ಪ್ರಶ್ನೆ. ವರ್ಗೀಕರಣ ಮುಗಿಯುವ ತನಕ ವಿಕಾಸವನ್ನು ತಡೆಹಿಡಿಯುವಂತೆ ಜೀವಿಗಳಿಗೆ ನೋಟಿಸ್ ಕೊಡಬೇಕಿತ್ತು. 1735ರಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆ ಕೂರಿಸಿ, 1758ರಲ್ಲಿ ಸ್ತನಿಗಳ ಸಾಲಿಗೆ ಕಳಿಸಿದ ಜೀವಿವರ್ಗೀಕರಣದ ಪಿತಾಮಹ ಲಿನೇಯಸ್‌ನ ವಿರುದ್ಧ ತಿಮಿಂಗಿಲವಂತೂ ತಕರಾರು ತೆಗೆದದ್ದಿಲ್ಲ.

ಈ ವಿಷಯದಲ್ಲಿ ನಾನು ಮೆಚ್ಚುವುದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವನ್ನು. ಅಳಿವಿನಂಚಿನ ಜೀವಿಗಳ ಅಲ್ಲಿನ ಕಾನೂನಿನ ಪಟ್ಟಿಯಲ್ಲಿ ಕೀಟಗಳಿಲ್ಲ. ಆದರೆ ಮೀನು ಎಂಬುದರ ಕಾನೂನು ವ್ಯಾಖ್ಯೆಯಲ್ಲಿ ಅಕಶೇರುಕಗಳು, ಅಂದರೆ ಬೆನ್ನುಮೂಳೆಯಿಲ್ಲದ ಜೀವಿಗಳು, ಇವೆ. ಆದ್ದರಿಂದ ದುಂಬಿಗೂ ಮೀನಿನ ಹೆಸರಿನಲ್ಲಿ ರಕ್ಷಣೆ ಕೊಡಬಹುದೆಂದು 2022ರಲ್ಲಿ ತೀರ್ಪಾಯಿತು. ಜಗತ್ತೆಲ್ಲ ನಕ್ಕಿತು. ನಕ್ಕವರು ತಮ್ಮ ವಂಶಾವಳಿಯನ್ನೊಮ್ಮೆ ನೋಡಿಕೊಂಡಿದ್ದರೆ ಚೆನ್ನಾಗಿತ್ತು. ಶ್ವಾಸಕೋಶವುಳ್ಳ ಮೀನು ಟ್ರೌಟ್ ಮೀನಿಗಿಂತ ಹಸುವಿಗೆ ಹತ್ತಿರದ ಸಂಬಂಧಿ. ಆ ಮೀನು, ಟ್ರೌಟ್ ಎರಡನ್ನೂ ಮೀನೆಂದು ಕರೆದು, ಒಂದೇ ಪೂರ್ವಜನ ಸಂತತಿಯನ್ನೆಲ್ಲ ಒಂದೇ ಗುಂಪಿನಲ್ಲಿಡಬೇಕೆಂಬ ನಿಯಮವನ್ನೂ ಪಾಲಿಸುವುದಾದರೆ, ಹಸುವೂ ಮೀನು, ನಾವೂ ಮೀನು. ಅಂದರೆ ಆ ದಿನ ನ್ಯಾಯಾಲಯದಲ್ಲಿ ಮೀನುಗಳಾಗಿದ್ದವರು ನ್ಯಾಯಮೂರ್ತಿಗಳೇ ಹೊರತು ದುಂಬಿಯಲ್ಲ.

ಇರಲಿ, ಆ ವ್ಯಾಖ್ಯೆಯಿಂದ ದುಂಬಿಗೆ ಒಳ್ಳೆಯದೇ ಆಯಿತು. ಫ್ಲಾರಿಡಾದ ಡಸ್ಕಿ ಸೀಸೈಡ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಗೆ ಆ ಅದೃಷ್ಟವಿರಲಿಲ್ಲ. ಕೊನೆಗೆ ಉಳಿದದ್ದು ಬೆರಳೆಣಿಕೆಯ ಗಂಡುಗಳು ಮಾತ್ರ. ಹತ್ತಿರದ ಬಳಗದ ಹೆಣ್ಣುಗಳೊಡನೆ ಕೂಡಿಸಿ ಅಷ್ಟಿಷ್ಟಾದರೂ ಉಳಿಸೋಣ ಎಂದವರಿಗೆ, ಹುಟ್ಟುವ ಮರಿಗಳು ಶುದ್ಧ ತಳಿಯವಲ್ಲ ಎಂದು ಸರ್ಕಾರದ ವನ್ಯಜೀವಿ ಇಲಾಖೆ ಬೆಂಬಲ ನಿರಾಕರಿಸಿತು. 1987ರ ಜೂನ್‌ನಲ್ಲಿ ಕೊನೆಯ ಗಂಡು ಸತ್ತಿತು. ಎರಡು ವರ್ಷಗಳ ಬಳಿಕ ಡಿಎನ್‌ಎ ನೋಡಿದಾಗ, ಅಟ್ಲಾಂಟಿಕ್ ಕರಾವಳಿಯ ಸೋದರ ಹಕ್ಕಿಗಳಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಯಾವ ಶುದ್ಧಿ, ಯಾರ ಶುದ್ಧಿ? ಪ್ರಭೇದಗಳು ಬದಲಾಗುತ್ತಲೇ ಇರುತ್ತವೆ, ಗಡಿಗಳು ಮಸುಕಾಗಿಯೇ ಇರುತ್ತವೆ ಎಂದು ಡಾರ್ವಿನ್ ಬರೆದು ಶತಮಾನ ದಾಟಿತ್ತು. ಸೊಳ್ಳೆ ಕಾಟ ತಪ್ಪಿಸಲು ಆ ಹಕ್ಕಿಯ ಜೌಗುನೆಲವನ್ನು ಮುಳುಗಿಸಿದಾಗಲಾಗಲಿ, ಹೆದ್ದಾರಿಗಾಗಿ ಒಣಗಿಸಿದಾಗಲಾಗಲಿ ಅದರ ಕುಲಗೋತ್ರವನ್ನು ಒಬ್ಬರೂ ವಿಚಾರಿಸಿರಲಿಲ್ಲ. ವಿಚಾರಿಸಿದ್ದು ಉಳಿಸಬೇಕಾಗಿ ಬಂದಾಗ.